ಮುರಿದ ದವಡೆ, ಬಿಗಿದ ಬಾಯಿ: ತುಮಕೂರು ಸೀಮೆಯಲ್ಲಿ ಮುಖದ ಶಸ್ತ್ರಚಿಕಿತ್ಸೆಯ ಹಾದಿ

ತುಮಕೂರು ಜಿಲ್ಲೆಯ ನಕ್ಷೆಯನ್ನು ಮುಂದಿಟ್ಟುಕೊಂಡರೆ ಇಲ್ಲಿನ ಮುಖದ ತೊಂದರೆಗಳು ಎಲ್ಲಿಂದ ಬರುತ್ತವೆ ಎಂಬುದು ಅರ್ಧ ತಿಳಿದಂತೆಯೇ. ಬೆಂಗಳೂರು–ಪುಣೆ ಹೆದ್ದಾರಿ ತುಮಕೂರಿನ ಅಂಚನ್ನು ಸವರಿಕೊಂಡು ಶಿರಾ ಕಡೆಗೆ ಹೋಗುತ್ತದೆ. ಬಿ.ಎಚ್. ರಸ್ತೆ ಊರೊಳಗಿಂದ ಹೊರಟು ಗುಬ್ಬಿ, ತಿಪಟೂರು ದಾಟುತ್ತದೆ. ಬೆಂಗಳೂರು–ಮಂಗಳೂರು ಹೆದ್ದಾರಿ ಕುಣಿಗಲ್ ಮೇಲೆ ಹಾಯುತ್ತದೆ. ಈ ಮೂರು ರಸ್ತೆಗಳ ನಡುವೆ ಹರಡಿರುವುದು ತೆಂಗು, ಅಡಿಕೆಯ ತೋಟಗಳು. ರಸ್ತೆ ದವಡೆ ಮುರಿಯುತ್ತದೆ, ಅಡಿಕೆ ಬಾಯಿ ಬಿಗಿಸುತ್ತದೆ. ಇಲ್ಲಿನ ಬಾಯಿ ಮತ್ತು ಮುಖದ ಶಸ್ತ್ರವೈದ್ಯರ ಕೆಲಸದಲ್ಲಿ ಬಹುಪಾಲು ಈ ಎರಡರಿಂದಲೇ ಬರುತ್ತದೆ.

ಕಳೆದ ಐವತ್ತು ವರ್ಷಗಳಲ್ಲಿ ಈ ಶಾಸ್ತ್ರ ಬಹಳ ದೂರ ಬಂದಿದೆ. ಕಾಲಿನ ಮೂಳೆಯಿಂದ ಹೊಸ ದವಡೆ ಕಟ್ಟುತ್ತಾರೆ, ಕಂಪ್ಯೂಟರಿನಲ್ಲಿ ಆಪರೇಷನ್ ಮಾಡಿ ನೋಡಿ ಆಮೇಲೆ ರೋಗಿಯನ್ನು ಮಲಗಿಸುತ್ತಾರೆ. ಆದರೆ ಗುಬ್ಬಿಯ ಕೂಲಿಕಾರನಿಗೋ ಕುಣಿಗಲ್ಲಿನ ಲಾರಿ ಕ್ಲೀನರಿಗೋ ಈ ವಿದ್ಯೆ ದಕ್ಕುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಮೊದಲ ಹತ್ತು ನಿಮಿಷದ ಪರೀಕ್ಷೆ. ಸಂಶೋಧನೆ ಏನನ್ನು ಇತ್ಯರ್ಥ ಮಾಡಿದೆ, ಏನನ್ನು ಮಾಡಿಲ್ಲ, ವೃತ್ತಿಯೊಳಗಿನ ಜಗಳಗಳೇನು ಎಂಬುದನ್ನು ಈ ಹತ್ತು ನಿಮಿಷದ ಕಡೆಯಿಂದ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಹಲ್ಲಿನ ಡಾಕ್ಟ್ರು ಮೂಳೆಗೆ ಕೈ ಹಾಕಬಹುದೇ?

"ಹಲ್ಲಿನ ಡಾಕ್ಟ್ರು ದವಡೆಗೆ ಪ್ಲೇಟ್ ಹಾಕ್ತಾರಾ?" ಎಂದು ರೋಗಿಯ ಕಡೆಯವರು ಈಗಲೂ ಅನುಮಾನದಿಂದ ಕೇಳುವುದುಂಟು. ಹಾಕುತ್ತಾರೆ. ನಮ್ಮಲ್ಲಿ ಈ ಶಸ್ತ್ರವೈದ್ಯರಾಗಲು ಐದು ವರ್ಷದ ಬಿ.ಡಿ.ಎಸ್. ಮುಗಿಸಿ, ಮೂರು ವರ್ಷದ ಎಂ.ಡಿ.ಎಸ್. ಮಾಡಬೇಕು. ತುಮಕೂರಿನ ಅಗಳಕೋಟೆಯಲ್ಲಿರುವ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜಿನಲ್ಲಿ ಈ ವಿಭಾಗ ಇದೆ. ಅದೇ ಸಂಸ್ಥೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಜೊತೆಗಿದೆ. ಇದು ಸಣ್ಣ ಅನುಕೂಲವಲ್ಲ. ಮುಖ ಒಡೆದವರಿಗೆ ತಲೆಗೋ ಎದೆಗೋ ಪೆಟ್ಟಾಗಿರುವುದೂ ಉಂಟು. ಅರಿವಳಿಕೆ ತಜ್ಞರು, ಐಸಿಯು, ಸಿ.ಟಿ. ಸ್ಕ್ಯಾನ್ ಹತ್ತಿರದಲ್ಲಿ ಇಲ್ಲದ ಕಡೆ ದವಡೆ ತಜ್ಞನೊಬ್ಬನೇ ಏನೂ ಮಾಡಲಾರ.

ಈ ಶಾಖೆ ಬೆಳೆದದ್ದೇ ಯುದ್ಧಭೂಮಿಯಲ್ಲಿ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರ ಮೈ ಮರೆಯಾಗಿದ್ದರೂ ತಲೆ ಹೊರಗಿರುತ್ತಿತ್ತು. ಸಾವಿರಾರು ಮುಖಗಳು ಚೂರಾದವು. ಮುಖ ಜೋಡಿಸುವ ವಿದ್ಯೆಗೆ ಹೆಸರಾದ ಹೆರಾಲ್ಡ್ ಗಿಲೀಸ್, ಫ್ರಾನ್ಸಿನಲ್ಲಿ ಹಲ್ಲಿನ ವೈದ್ಯ ಚಾರ್ಲ್ಸ್ ವಲಾಡಿಯೆ ಮಾಡುತ್ತಿದ್ದ ಕೆಲಸ ನೋಡಿಯೇ ಈ ಕಡೆ ಹೊರಳಿದ. ಹಲ್ಲುಗಳು ಸರಿಯಾಗಿ ಕೂತರೆ ದವಡೆ ಸರಿಯಾಗಿ ಕೂತಂತೆ ಎಂಬ ಆಗಿನ ತತ್ವ ಇವತ್ತಿಗೂ ಬದಲಾಗಿಲ್ಲ. ಭಾರತದಲ್ಲಿ ಈ ತಜ್ಞರ ಸಂಘ 1969ರಲ್ಲಿ ಹುಟ್ಟಿತು.

ರಸ್ತೆಯ ಪೆಟ್ಟು

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಸತ್ತವರ ಲೆಕ್ಕ ಸಿಗುತ್ತದೆ. ಬದುಕುಳಿದು ದವಡೆ, ಕೆನ್ನೆಮೂಳೆ, ಕಣ್ಣುಗುಳಿ ಮುರಿಸಿಕೊಂಡವರ ಲೆಕ್ಕವನ್ನು ಯಾರೂ ಬೇರೆಯಾಗಿ ಇಡುವುದಿಲ್ಲ. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಆದರೆ ಬೈಕಿನ ಮೇಲೆ ಕಾಣುವುದು ಹೆಚ್ಚಾಗಿ ಪೊಲೀಸರಿಗೆ ತೋರಿಸಲು ಇಟ್ಟುಕೊಂಡ ಟೋಪಿಯಂಥ ಅರ್ಧ ಹೆಲ್ಮೆಟ್. ಅದು ದಂಡ ತಪ್ಪಿಸೀತು, ಗಲ್ಲವನ್ನು ಕಾಯುವುದಿಲ್ಲ. ಮುಂದಕ್ಕೆ ಬಿದ್ದವನ ಗಲ್ಲವೇ ಮೊದಲು ಡಾಂಬರಿಗೆ ತಾಗುವುದು.

ದವಡೆ ಮುರಿದರೆ ಮೊದಲೆಲ್ಲ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ನಾಲ್ಕರಿಂದ ಆರು ವಾರ ಬಾಯಿ ಕಟ್ಟಿಬಿಡುತ್ತಿದ್ದರು. ರೋಗಿ ಗಂಜಿ, ಹಾಲು ಹೀರಿಕೊಂಡು ಬದುಕಬೇಕಿತ್ತು. 1970ರ ದಶಕದಲ್ಲಿ ಫ್ರಾನ್ಸಿನ ಮಿಷೆಲೆ ಮತ್ತು ಶಾಂಪಿ ಬಾಯಿಯೊಳಗಿಂದಲೇ ಹಾಕಬಹುದಾದ ಸಣ್ಣ ಪ್ಲೇಟು, ಸ್ಕ್ರೂಗಳನ್ನು ರೂಢಿಗೆ ತಂದರು. ಅಗಿಯುವಾಗ ಮೂಳೆಯ ಯಾವ ಗೆರೆಯ ಮೇಲೆ ಎಳೆತ ಬೀಳುತ್ತದೋ ಅಲ್ಲಿ ಸಣ್ಣ ಪ್ಲೇಟೊಂದು ಸಾಕು ಎಂಬುದು ಶಾಂಪಿಯ ಲೆಕ್ಕಾಚಾರ. ಈಗ ಟೈಟಾನಿಯಂ ಪ್ಲೇಟ್ ಹಾಕಿಸಿಕೊಂಡ ರೋಗಿ ಕೆಲವೇ ದಿನಗಳಲ್ಲಿ ಮೆತ್ತನೆಯ ಮುದ್ದೆ ನುಂಗುತ್ತಾನೆ. ಕೂಲಿ ಬಿಟ್ಟು ಕೂರಲಾಗದವನಿಗೆ ಇದು ದೊಡ್ಡ ವಿಷಯ.

ಇನ್ನೂ ಬಗೆಹರಿಯದ ಪ್ರಶ್ನೆಯೆಂದರೆ ಕಿವಿಯ ಮುಂದಿರುವ ದವಡೆ ಕೀಲಿನ ತಲೆ ಮುರಿದಾಗ ಏನು ಮಾಡಬೇಕೆಂಬುದು. ಕೊಯ್ದು ಪ್ಲೇಟ್ ಹಾಕಿದರೆ ಮೂಳೆ ಸರಿಯಾಗಿ ಕೂರುತ್ತದೆ. ಆದರೆ ಮುಖದ ನರ ಅದೇ ಜಾಗದಲ್ಲಿ ಹಾದುಹೋಗುತ್ತದೆ; ಅದಕ್ಕೆ ಪೆಟ್ಟಾದರೆ ಕಣ್ಣು ಮುಚ್ಚುವುದು, ತುಟಿ ಕದಲುವುದು ಕಷ್ಟವಾಗುತ್ತದೆ. ದೊಡ್ಡವರಲ್ಲಿ, ಮೂಳೆ ಬಹಳ ಸರಿದಿದ್ದರೆ ಕೊಯ್ಯುವುದೇ ಮೇಲು ಎಂಬ ಕಡೆ ತಕ್ಕಡಿ ವಾಲಿದೆ. ಮಕ್ಕಳಲ್ಲಿ ಮಾತ್ರ ಕೊಯ್ಯದೆ, ಬೇಗ ಬಾಯಿ ಆಡಿಸುವ ಅಭ್ಯಾಸವೇ ಸಾಮಾನ್ಯ ಕ್ರಮ. ಆಪರೇಷನ್ ಆದ ಮೇಲೆ ವಾರಗಟ್ಟಲೆ ಆಂಟಿಬಯೋಟಿಕ್ ಕೊಡುವುದರಿಂದ ಹೆಚ್ಚಿನ ಲಾಭವಿಲ್ಲ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಆದರೂ ಚೀಟಿಯಲ್ಲಿ ಐದು ದಿನ, ಏಳು ದಿನ ಬರೆಯುವ ಅಭ್ಯಾಸ ಹೋಗಿಲ್ಲ.

ಇನ್ನು ಆ ಹತ್ತು ನಿಮಿಷದ ಮಾತು. "ಹಲ್ಲು ಮೊದಲಿನ ಹಾಗೆ ಕೂರ್ತಿಲ್ಲ ಸಾರ್" ಎಂದು ರೋಗಿಯೇ ಹೇಳಿದರೆ ಅದೇ ಅರ್ಧ ರೋಗನಿರ್ಣಯ. ಇನ್ನೊಂದು ಪರೀಕ್ಷೆಗೆ ಬೇಕಾದದ್ದು ನಾಲಿಗೆ ಒತ್ತಿ ಗಂಟಲು ನೋಡುವ ಮರದ ಕಡ್ಡಿ ಮಾತ್ರ. ಒಂದು ಬದಿಯ ಹಲ್ಲುಗಳ ನಡುವೆ ಅದನ್ನಿಟ್ಟು ಗಟ್ಟಿಯಾಗಿ ಕಚ್ಚಲು ಹೇಳಿ, ವೈದ್ಯರು ಕಡ್ಡಿಯನ್ನು ತಿರುಚುತ್ತಾರೆ. ರೋಗಿ ಕಚ್ಚಿ ಹಿಡಿದಂತೆಯೇ ಕಡ್ಡಿ ಮುರಿದರೆ ದವಡೆ ಮುರಿದಿರುವ ಸಾಧ್ಯತೆ ಕಡಿಮೆ. ನೋವಿನಿಂದ ಬಾಯಿ ಬಿಟ್ಟುಬಿಟ್ಟರೆ ಎಕ್ಸ್‌ರೇ, ಸ್ಕ್ಯಾನ್ ಬೇಕೇ ಬೇಕು. ನಂತರ ಇನ್ನೊಂದು ಬದಿಗೂ ಹೀಗೆಯೇ. ಇದು ಗುಬ್ಬಿಯಲ್ಲೂ ಆಗುತ್ತದೆ, ಕುಣಿಗಲ್ಲಿನಲ್ಲೂ ಆಗುತ್ತದೆ, ಖರ್ಚು ಶೂನ್ಯ. ಆದರೆ ಕತ್ತಲಾದ ಮೇಲೆ ಅಪಘಾತದ ಗಾಯಾಳು ಬಂದಾಗ ಗಲ್ಲದ ಗಾಯಕ್ಕೆ ಹೊಲಿಗೆ ಬೀಳುತ್ತದೆ, ಟಿ.ಟಿ. ಚುಚ್ಚುತ್ತಾರೆ, ಕಡ್ಡಿಯ ನೆನಪೇ ಆಗುವುದಿಲ್ಲ.

ಗಲ್ಲದ ಕೆಳಗಿನ ಗಾಯದ ಗುರುತು

ಈ ಮರೆವಿನ ಬೆಲೆ ತೆರುವವರು ಮಕ್ಕಳು. ಮೂರು–ನಾಲ್ಕು ವರ್ಷದ ಮಗು ಜಗುಲಿಯಿಂದಲೋ ಮೆಟ್ಟಿಲಿಂದಲೋ ಗಲ್ಲ ಕೆಳಗಾಗಿ ಬೀಳುತ್ತದೆ. ಚರ್ಮ ಸೀಳುತ್ತದೆ, ಎರಡು ಹೊಲಿಗೆ ಹಾಕಿಸಿಕೊಂಡು ಮನೆಗೆ ಬರುತ್ತಾರೆ. ಒಳಗೆ ಕೀಲಿನ ತಲೆ ಮುರಿದಿರುತ್ತದೆ, ಯಾರಿಗೂ ಗೊತ್ತಿಲ್ಲ. ತಿಂಗಳುಗಳು ಕಳೆದಂತೆ ಅಲ್ಲಿ ಮೂಳೆಗೆ ಮೂಳೆ ಬೆಸೆದುಕೊಂಡು ಬಾಯಿ ತೆರೆಯುವುದೇ ನಿಲ್ಲುತ್ತದೆ. ಶಾಲೆಗೆ ಸೇರುವ ಹೊತ್ತಿಗೆ ಕೆಳದವಡೆ ಬೆಳೆಯದೆ ಹಿಂದಕ್ಕೇ ಉಳಿದಿರುತ್ತದೆ, ರಾತ್ರಿ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಊಟವೆಂದರೆ ಹಲ್ಲಿನ ಸಂದಿಯಲ್ಲಿ ತುರುಕಿದ ಅನ್ನ. ಇಂಥ ಮಗುವಿನ ಗಲ್ಲ ಎತ್ತಿ ನೋಡಿದರೆ ಅನೇಕ ವೇಳೆ ಅರ್ಧ ಇಂಚಿನ ಹಳೆಯ ಗಾಯದ ಗುರುತು ಕಾಣುತ್ತದೆ. ಆ ಗುರುತೇ ರೋಗದ ಇತಿಹಾಸ.

ಕಿವಿ ಸೋರಿಕೆಗೆ ಚಿಕಿತ್ಸೆ ಕೊಡಿಸದೆ ಬಿಟ್ಟರೂ ಸೋಂಕು ಕೀಲಿಗೆ ಹರಡಿ ಹೀಗಾಗಬಹುದು. ಬೆಸೆದ ಮೂಳೆಯನ್ನು ಕತ್ತರಿಸಿ ತೆಗೆದು, ನಡುವೆ ಮಾಂಸಖಂಡದ ಪದರ ಇಟ್ಟು ಬಾಯಿ ಬಿಡಿಸುತ್ತಾರೆ. ಬೆಳೆಯದ ದವಡೆಯನ್ನು ದಿನಕ್ಕಿಷ್ಟು ಮಿಲಿಮೀಟರ್‌ನಂತೆ ಎಳೆದು ಉದ್ದ ಮಾಡುವ ವಿಧಾನ ಕಾಲಿನ ಮೂಳೆಗೆಂದು ರಷ್ಯದ ಇಲಿಝಾರೋವ್ ರೂಪಿಸಿದ್ದು. 1992ರಲ್ಲಿ ಶಸ್ತ್ರವೈದ್ಯ ಮಕಾರ್ಥಿ ಅದನ್ನು ಮಕ್ಕಳ ದವಡೆಗೆ ತಂದದ್ದನ್ನು ವರದಿ ಮಾಡಿದ. ಮೊದಲು ಕೀಲು ಬಿಡಿಸಬೇಕೋ, ಮೊದಲು ದವಡೆ ಎಳೆದು ಉಸಿರಿನ ದಾರಿ ಅಗಲಿಸಬೇಕೋ ಎಂಬ ಚರ್ಚೆ ಭಾರತದ ತಜ್ಞರಲ್ಲಿ ಬಿಸಿಯಾಗಿಯೇ ನಡೆದಿದೆ. ಶ್ರೀಮಂತ ದೇಶಗಳಲ್ಲಿ ಈ ರೋಗ ಅಪರೂಪವಾದ್ದರಿಂದ ಉತ್ತರ ನಾವೇ ಹುಡುಕಿಕೊಳ್ಳಬೇಕಾಗಿದೆ. ಚಿಕಿತ್ಸೆ ಯಾವುದೇ ಇರಲಿ, ಮನೆಯಲ್ಲಿ ದಿನವೂ ಬಾಯಿ ತೆರೆಯುವ ವ್ಯಾಯಾಮ ನಿಂತರೆ ಮೂಳೆ ಮತ್ತೆ ಬೆಸೆಯುತ್ತದೆ.

ಸೀಳು ತುಟಿಯ ಕಥೆ ಇದಕ್ಕಿಂತ ಆಶಾದಾಯಕ. ಗ್ರಹಣದ ದಿನ ಗರ್ಭಿಣಿ ಹೊರಗೆ ಬಂದದ್ದೇ ಕಾರಣ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಇದ್ದರೂ, ಧಾರವಾಡದ ಎಸ್.ಡಿ.ಎಂ., ಮಂಗಳೂರಿನ ನಿಟ್ಟೆ ಮುಂತಾದ ಸಂಸ್ಥೆಗಳ ಕೆಲಸದಿಂದ, ದಾನದ ಹಣದಿಂದ ನಡೆಯುವ ಉಚಿತ ಆಪರೇಷನ್‌ಗಳಿಂದ ತಾಯಂದಿರು ಮೂರು ತಿಂಗಳಿಗೇ ಮಗುವನ್ನು ಕರೆತರುವುದು ಹೆಚ್ಚಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳು ತುಟಿ ಇದೆ. ಅಂಗನವಾಡಿ, ಶಾಲೆಗಳಿಗೆ ಬರುವ ತಂಡ ಅದನ್ನು ಗುರುತಿಸಿ ಬರೆದುಕೊಳ್ಳುತ್ತದೆ. ಬೆಸೆದ ದವಡೆಗೆ ಅಂಥ ದಾನಿಗಳೂ ಇಲ್ಲ, ಅಷ್ಟು ಗಮನವೂ ಇಲ್ಲ.

ಅಡಿಕೆಯ ಸಂಕಟ

ಈ ಸೀಮೆಯ ಅತಿ ಕಷ್ಟದ ಪ್ರಶ್ನೆ ಇದು. ಗುಬ್ಬಿ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು, ಮದುವೆಯ ಖರ್ಚು ಅಡಿಕೆಯಿಂದಲೇ ಬರುತ್ತದೆ. ಅದೇ ಅಡಿಕೆ ಸಾಶೆಯೊಳಗೆ ಸುಣ್ಣ, ಸುಗಂಧ, ಕೆಲವೊಮ್ಮೆ ತಂಬಾಕು ಸೇರಿಸಿಕೊಂಡು ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಗೆ ಬರುತ್ತದೆ. ಕಾಲೇಜು ಹುಡುಗರ ಕೆನ್ನೆ ಸೇರುತ್ತದೆ. ಕೆಲವು ವರ್ಷಗಳಲ್ಲಿ ಒಳಗೆನ್ನೆ ಬೆಳ್ಳಗಾಗಿ ಗಡುಸಾಗುತ್ತದೆ. ಖಾರ ಮುಟ್ಟಿದರೆ ಉರಿ, ಆಮೇಲೆ ತುತ್ತು ದೊಡ್ಡದಾದರೆ ಬಾಯಿಗೆ ಹೋಗುವುದಿಲ್ಲ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. 1952ರಲ್ಲಿ ಶ್ವಾರ್ಟ್ಜ್ ಎಂಬಾತ ಪೂರ್ವ ಆಫ್ರಿಕದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಿದ. ಮರುವರ್ಷವೇ ಮುಂಬಯಿಯ ಜೋಶಿ ಈಗಿನ ಹೆಸರನ್ನು ಬಳಕೆಗೆ ತಂದರು.

ಇದು ಹೇಗೆ ಆಗುತ್ತದೆ ಎಂಬುದು ಈಗ ಬಹುಮಟ್ಟಿಗೆ ತಿಳಿದಿದೆ. ಅಡಿಕೆಯ ಅರೆಕೋಲಿನ್ ನಾರಿನಂಥ ಕೊಲಾಜೆನ್ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಅದರ ಒಗರಿನ ಟ್ಯಾನಿನ್ ಆ ನಾರು ಕರಗದಂತೆ ಮಾಡುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶ ನಾರುಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಚಟ ಬಿಟ್ಟರೂ ಬಿಗಿತ ಪೂರ್ತಿ ಸಡಿಲವಾಗದಿರಲು ಇದೇ ಕಾರಣ. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ 17 ವರ್ಷ ರೋಗಿಗಳ ಬೆನ್ನು ಹತ್ತಿ, 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 7.6 ಮಂದಿಗೆ ಇದು ಕ್ಯಾನ್ಸರಿಗೆ ತಿರುಗಿತ್ತು.

ಬೆಳೆಗಾರರ ವಾದವನ್ನೂ ಕೇಳಬೇಕು. ತಲೆತಲಾಂತರದಿಂದ ಎಲೆ ಅಡಿಕೆ ಹಾಕಿದ ಅಜ್ಜಿಯಂದಿರಿಗೆ ಏನೂ ಆಗಿಲ್ಲ, ದೂರುವುದಾದರೆ ಗುಟ್ಕ ಕಂಪನಿಗಳನ್ನು ದೂರಿ ಎನ್ನುತ್ತಾರೆ ಅವರು. ಇದರಲ್ಲಿ ಸ್ವಲ್ಪ ನಿಜವಿದೆ. ಊಟದ ಮೇಲಿನ ಒಂದು ಎಲೆಗಿಂತ ದಿನವಿಡೀ ಕೆನ್ನೆಯಲ್ಲಿಟ್ಟುಕೊಳ್ಳುವ ಒಣ ಪುಡಿ ಬಹಳ ಬೇಗ ಬಾಯಿ ಬಿಗಿಸುತ್ತದೆ. ಆದರೆ ಪೂರ್ತಿ ನಿಜವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಎಲೆ ಅಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕರ್ನಾಟಕ 2013ರಲ್ಲಿ ಗುಟ್ಕ ನಿಷೇಧಿಸಿದಾಗ ಕಂಪನಿಗಳು ಪಾನ್ ಮಸಾಲವನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ಮಾರತೊಡಗಿದವು. ಕೊಂಡವನು ಅಂಗೈಯಲ್ಲಿ ಎರಡನ್ನೂ ಬೆರೆಸುತ್ತಾನೆ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 16.3 ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದರು.

ಬಿಗಿದ ಬಾಯಿಗೆ ಕೆನ್ನೆಯೊಳಗೆ ಸ್ಟಿರಾಯ್ಡ್, ಹಯಾಲುರೊನಿಡೇಸ್ ಚುಚ್ಚುಮದ್ದು ಕೊಡುತ್ತಾರೆ, ಟೊಮೇಟೊದಲ್ಲಿರುವ ಲೈಕೋಪಿನ್ ಮಾತ್ರೆ ಕೊಡುತ್ತಾರೆ. ತೀರಾ ಬಿಗಿದಿದ್ದರೆ ನಾರು ಕತ್ತರಿಸಿ ಕೆನ್ನೆಯ ಕೊಬ್ಬಿನಿಂದಲೋ ಮೂಗಿನ ಪಕ್ಕದ ಚರ್ಮದಿಂದಲೋ ಆ ಜಾಗ ಮುಚ್ಚುತ್ತಾರೆ. ಯಾವುದು ಮೇಲು ಎಂದು ಹೇಳುವ ದೊಡ್ಡ, ದೀರ್ಘಕಾಲದ ಪರೀಕ್ಷೆಗಳು ಕಡಿಮೆ; ಕಾಲೇಜುಗಳಿಂದ ಬರುವ ಪ್ರಬಂಧಗಳಲ್ಲಿ ಹೆಚ್ಚಿನವು ಹತ್ತಾರು ರೋಗಿಗಳ, ಕೆಲವೇ ತಿಂಗಳುಗಳ ಲೆಕ್ಕ. ಈ ರೋಗಿಗೆ ಅರಿವಳಿಕೆ ಕೊಡುವುದೇ ಒಂದು ಸವಾಲು. ಬಾಯಿ ತೆರೆಯದವನ ಉಸಿರುನಾಳಕ್ಕೆ ನಳಿಕೆ ಹಾಕಲು ಮೂಗಿನ ಮೂಲಕ ಕ್ಯಾಮೆರಾ ಕೊಳವೆ ಇಳಿಸಬೇಕು.

ಕ್ಯಾನ್ಸರ್: ಉತ್ತರ ಇದೆ, ತಲುಪಿಲ್ಲ

ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.43 ಲಕ್ಷ ಜನರಿಗೆ ಹೊಸದಾಗಿ ಬಾಯಿ ಮತ್ತು ತುಟಿಯ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಜನ ಸತ್ತರು. ಈ ರೋಗದ ಮಹತ್ವದ ಪ್ರಶ್ನೆಗಳಿಗೆ ಉತ್ತರ ಕೊಟ್ಟಿರುವುದೂ ಭಾರತವೇ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಉದಾಹರಣೆ. ಬಾಯಿಯ ಗಡ್ಡೆ ಚಿಕ್ಕದಿದ್ದಾಗ, ಕತ್ತಿನಲ್ಲಿ ಗಂಟು ಕಾಣದಿದ್ದಾಗ, ಮೊದಲ ಆಪರೇಷನ್ನಿನಲ್ಲೇ ಕತ್ತಿನ ಗ್ರಂಥಿಗಳನ್ನೂ ತೆಗೆಯಬೇಕೇ, ಗಂಟು ಬಂದಾಗ ನೋಡಿಕೊಂಡರೆ ಸಾಕೇ ಎಂಬುದು ಪ್ರಶ್ನೆ. ಮೊದಲೇ ತೆಗೆದವರಲ್ಲಿ ಮೂರು ವರ್ಷಕ್ಕೆ ಶೇ. 80 ಮಂದಿ, ಕಾದು ನೋಡಿದವರಲ್ಲಿ ಶೇ. 67.5 ಮಂದಿ ಬದುಕಿದ್ದರು. ದಶಕಗಳ ವಾದ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಈಗಿನ ಸಂಶೋಧನೆ ಎಲ್ಲ ಗ್ರಂಥಿಗಳನ್ನೂ ತೆಗೆಯುವ ಬದಲು, ಕ್ಯಾನ್ಸರ್ ಮೊದಲು ತಲುಪುವ ಗ್ರಂಥಿಯನ್ನಷ್ಟೇ ಹುಡುಕಿ ಪರೀಕ್ಷಿಸುವ ಕಡೆಗಿದೆ. ಆಪರೇಷನ್ನಿಗೆ ಮೊದಲೂ ಆಮೇಲೂ ಇಮ್ಯುನೋಥೆರಪಿ ಕೊಟ್ಟರೆ ರೋಗ ಮರುಕಳಿಸುವುದು ತಡವಾಗುತ್ತದೆ ಎಂದು 2025ರಲ್ಲಿ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿದೆ. ಆದರೆ ಆ ಔಷಧದ ಬೆಲೆ ತೋಟ ಮಾರಿದರೂ ಸಾಲುವಂಥದ್ದಲ್ಲ.

ಬಡವರ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಸಂಶೋಧನೆ ತಿರುವನಂತಪುರದಲ್ಲಿ ನಡೆಯಿತು. ಅಧ್ಯಯನಕ್ಕೆ ಆಯ್ದ 13 ಪಂಚಾಯಿತಿಗಳ ಪೈಕಿ ಏಳರಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಟಾರ್ಚ್ ಬಿಟ್ಟು ಬಾಯಿ ನೋಡಿದರು; ಉಳಿದವನ್ನು ಹೋಲಿಕೆಗೆ ಇಟ್ಟುಕೊಂಡರು. 2005ರ ವರದಿಯಂತೆ ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿದಿತ್ತು. ಬೆಂಗಳೂರಿನ ಕೆ.ಎಲ್.ಇ. ದಂತ ಕಾಲೇಜಿನ ತಜ್ಞರು ಇದನ್ನೇ ಮೊಬೈಲಿಗೆ ಒಗ್ಗಿಸಿದರು: ಆರೋಗ್ಯ ಕಾರ್ಯಕರ್ತೆ ಹಳ್ಳಿಯಲ್ಲಿ ಬಾಯಿಯ ಫೋಟೊ ತೆಗೆದು ಕಳಿಸುತ್ತಾಳೆ, ತಜ್ಞರು ನೋಡಿ ಯಾರನ್ನು ಕರೆಸಬೇಕೆಂದು ತಿಳಿಸುತ್ತಾರೆ.

ಇಲ್ಲಿಯೂ ಹತ್ತು ನಿಮಿಷ ಬೇಕಿಲ್ಲ. ರೋಗಿಯೇ ತನ್ನ ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಲಿ. ಮೂರೂ ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ. ಎರಡೇ ಹಿಡಿಸಿದರೆ ಎಚ್ಚರಿಕೆ. ಒಂದೇ ಆದರೆ ತಜ್ಞರ ಹತ್ತಿರ ಹೋಗಲೇಬೇಕು. ಎರಡು ವಾರ ಕಳೆದರೂ ಮಾಯದ ಹುಣ್ಣು, ಒರಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಬಯಾಪ್ಸಿ ಆಗಲೇಬೇಕು. "ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತೆ" ಎಂಬ ಹೆದರಿಕೆಗೆ ಆಧಾರವಿಲ್ಲ. ತಿಂಗಳುಗಟ್ಟಲೆ ಮುಲಾಮು ಹಚ್ಚಿ ಕೂತರೆ ಹರಡುವುದು ಖಂಡಿತ.

ಮುಖದ ಗಡಿ ಜಗಳ

ಮುಖ ಚಿಕ್ಕದು, ಹಕ್ಕುದಾರರು ಅನೇಕರು. ಕಿವಿ–ಮೂಗು–ಗಂಟಲು ತಜ್ಞರು, ಪ್ಲಾಸ್ಟಿಕ್ ಸರ್ಜನ್ನರು, ಕ್ಯಾನ್ಸರ್ ಸರ್ಜನ್ನರು, ಚರ್ಮವೈದ್ಯರು ಎಲ್ಲರಿಗೂ ಇಲ್ಲಿ ಪಾಲು ಬೇಕು. ಬ್ರಿಟನ್, ಜರ್ಮನಿಗಳಲ್ಲಿ ಈ ಶಸ್ತ್ರವೈದ್ಯರು ವೈದ್ಯಕೀಯ, ದಂತವೈದ್ಯ ಎರಡೂ ಪದವಿ ಪಡೆದಿರಬೇಕು. ಭಾರತದಲ್ಲಿ ದಂತವೈದ್ಯದ ಹಾದಿಯೇ ಸಾಕು. ಕ್ಯಾನ್ಸರ್ ಆಪರೇಷನ್ ಇವರು ಮಾಡಬಹುದೇ, ಕೂದಲು ನಾಟಿ ಮಾಡಬಹುದೇ ಎಂಬ ವಾದಗಳು ಇಲ್ಲಿಂದಲೇ ಹುಟ್ಟುತ್ತವೆ. ಕೂದಲಿನ ಜಗಳ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. 2020ರ ನವೆಂಬರಿನಲ್ಲಿ ಆಯುರ್ವೇದ ಸ್ನಾತಕೋತ್ತರ ಪದವೀಧರರಿಗೆ ಹಲ್ಲು ಕೀಳುವುದೂ ಸೇರಿ ಹಲವು ಶಸ್ತ್ರಚಿಕಿತ್ಸೆಗೆ ಅನುಮತಿ ಕೊಟ್ಟ ಅಧಿಸೂಚನೆ ಬಂದಾಗ, ಡಿಸೆಂಬರ್ 11ರಂದು ದೇಶದಾದ್ಯಂತ ವೈದ್ಯರು ಮುಷ್ಕರ ಹೂಡಿದರು.

2021ರ ಕಪ್ಪು ಶಿಲೀಂಧ್ರದ ದಿನಗಳು ಮಾತ್ರ ಬೇರೆ ಪಾಠ ಹೇಳಿದವು. ಕೋವಿಡ್, ಸಕ್ಕರೆ ಕಾಯಿಲೆ, ಸ್ಟಿರಾಯ್ಡ್ ಮೂರೂ ಸೇರಿ ಮೇಲ್ದವಡೆ ಕೊಳೆಯತೊಡಗಿದಾಗ ಇ.ಎನ್.ಟಿ.ಯವರು ಸೈನಸ್ ತೆರೆದರು, ಕಣ್ಣಿನವರು ಕಣ್ಣು ನೋಡಿದರು, ದವಡೆ ತೆಗೆದವರು ಈ ಶಸ್ತ್ರವೈದ್ಯರು. ಆ ಹೊತ್ತಿನಲ್ಲಿ ಗಡಿಯ ಮಾತು ಯಾರೂ ಎತ್ತಲಿಲ್ಲ. ಬದುಕಿ ಉಳಿದು ಅಂಗುಳವಿಲ್ಲದೆ ಮಾತು ಮೂಗಿನಲ್ಲಿ ಹೋಗುವವರಿಗೆ ಹೊಸ ದವಡೆ, ಹೊಸ ಹಲ್ಲು ಕಟ್ಟುವ ಕೆಲಸದಿಂದ ಕೆನ್ನೆಮೂಳೆಗೆ ಹಾಕುವ ಉದ್ದನೆಯ ಇಂಪ್ಲಾಂಟ್, ರೋಗಿಯ ಸ್ಕ್ಯಾನ್ ನೋಡಿ ತ್ರೀಡಿ ಪ್ರಿಂಟ್ ಮಾಡಿದ ಟೈಟಾನಿಯಂ ಚೌಕಟ್ಟು ನಮ್ಮಲ್ಲೂ ಚಾಲ್ತಿಗೆ ಬಂದವು.

ಗಡಿಯ ಗದ್ದಲದಲ್ಲಿ ಮುಚ್ಚಿಹೋಗಿರುವ ವೃತ್ತಿಯ ನಿಜವಾದ ಸಮಸ್ಯೆ ಕೆಲಸದ ಹಂಚಿಕೆಯದು. ಎಂ.ಡಿ.ಎಸ್. ಮುಗಿಸಿದವರು ಸರ್ಕಾರಿ ಹುದ್ದೆ ಸಿಗದೆ ನಗರದ ಕ್ಲಿನಿಕ್ಕುಗಳಿಗೆ ಸುತ್ತುತ್ತ, ಬುದ್ಧಿಹಲ್ಲು ಕೀಳುವುದು, ಇಂಪ್ಲಾಂಟ್ ಹಾಕುವುದರಲ್ಲೇ ಜೀವನ ಸಾಗಿಸುತ್ತಾರೆ. ದವಡೆ ಮುರಿತಕ್ಕೆ ಕಲಿತ ಕೈ ತುಕ್ಕು ಹಿಡಿಯುತ್ತದೆ. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಬಂದಿದೆ, ಪದವಿಯ ಕೊನೆಗೆ ದೇಶವ್ಯಾಪಿ ಪರೀಕ್ಷೆಯ ಮಾತಿದೆ. ಪರೀಕ್ಷೆ ಗುಣಮಟ್ಟ ಅಳೆದೀತು, ಗುಬ್ಬಿಗೆ ವೈದ್ಯರನ್ನು ಕಳಿಸಲಾರದು.

ರೋಗಿಯ ಕಡೆಯ ತೊಡಕು ಇನ್ನೊಂದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮುರಿತವನ್ನು ಗುರುತಿಸದ ಕಡೆ ಚೀಟಿಯೂ ಹುಟ್ಟುವುದಿಲ್ಲ. ಕುಣಿಗಲ್ಲಿನ ಗಾಯಾಳುವಿಗೆ ತುಮಕೂರು, ಬೆಂಗಳೂರು, ಅದೇ ಹೆದ್ದಾರಿಯ ಮೇಲಿರುವ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಎಲ್ಲಕ್ಕೂ ದಾರಿ ಇದೆ. ಯಾವ ಗಾಯಕ್ಕೆ ಎಲ್ಲಿಗೆ ಎಂದು ಹೇಳುವವರು ಬೇಕು.

ಮಾಡಬಹುದಾದದ್ದು

ಬಡವರ ಬೊಚ್ಚು ಬಾಯಿಗೆ ಹಲ್ಲುಸೆಟ್ಟು ಕೊಡುವ ದಂತಭಾಗ್ಯ ಯೋಜನೆಗೆ ಕರ್ನಾಟಕ ಸರ್ಕಾರ ಖಾಸಗಿ ದಂತ ಕಾಲೇಜುಗಳನ್ನೇ ಜೊತೆಗೆ ಸೇರಿಸಿಕೊಂಡಿತು. ಅದೇ ಮಾದರಿ ದವಡೆಗೂ ಸಲ್ಲುತ್ತದೆ. ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿ ಕೂತರೆ ಬಿಗಿದ ಬಾಯಿಗಳು, ಮಾಯದ ಹುಣ್ಣುಗಳು ಅಲ್ಲೇ ಗೊತ್ತಾಗುತ್ತವೆ. ರಾತ್ರಿ ಪಾಳಿಯ ವೈದ್ಯರಿಗೆ, ನರ್ಸುಗಳಿಗೆ ಮರದ ಕಡ್ಡಿಯ ಪರೀಕ್ಷೆ, ಮೂರು ಬೆರಳಿನ ಪರೀಕ್ಷೆ ಕಲಿಸಲು ಒಂದು ಮಧ್ಯಾಹ್ನ ಸಾಕು. ಗಲ್ಲಕ್ಕೆ ಪೆಟ್ಟಾದ ಪ್ರತಿ ಮಗುವನ್ನೂ ಕೆಲವು ವಾರದ ಮೇಲೆ ಮತ್ತೆ ಕರೆಸಿ ಬಾಯಿ ಅಳೆಯುವುದು ನಿಯಮವಾಗಬೇಕು.

ಸಂಶೋಧನೆಗೂ ಇಲ್ಲೇ ದಾರಿಯಿದೆ. ಪ್ರತಿ ಎಂ.ಡಿ.ಎಸ್. ವಿದ್ಯಾರ್ಥಿಯೂ ಪ್ರಬಂಧ ಬರೆಯಲೇಬೇಕು. ಎಲ್ಲೋ ಆಗಲೇ ಇತ್ಯರ್ಥವಾದ ಎರಡು ಪ್ಲೇಟುಗಳ ಹೋಲಿಕೆಯನ್ನು ಇಪ್ಪತ್ತು ರೋಗಿಗಳಲ್ಲಿ ಮತ್ತೆ ಮಾಡುವ ಬದಲು, ಬಿ.ಎಚ್. ರಸ್ತೆಯಲ್ಲಿ ದವಡೆ ಮುರಿದವರು ಎಷ್ಟು ಗಂಟೆಗೆ, ಎಷ್ಟು ದಿನಕ್ಕೆ ತಜ್ಞರ ಮುಂದೆ ಬಂದರು, ಹೆಲ್ಮೆಟ್ ಯಾವ ಬಗೆಯದಿತ್ತು, ಮೊದಲು ನೋಡಿದ ಆಸ್ಪತ್ರೆಯಲ್ಲಿ ಯಾರು ಏನು ಬರೆದಿದ್ದರು ಎಂದು ವರ್ಷದಿಂದ ವರ್ಷಕ್ಕೆ ಒಂದೇ ನಮೂನೆಯಲ್ಲಿ ದಾಖಲಿಸುತ್ತ ಹೋದರೆ, ಕೆಲವೇ ಬ್ಯಾಚುಗಳಲ್ಲಿ ಜಿಲ್ಲೆಯ ಮುಖಗಾಯಗಳ ನಂಬುವಂಥ ಲೆಕ್ಕ ಕೈಗೆ ಬರುತ್ತದೆ. ಪ್ಲೇಟಿನ ಗಾತ್ರದ ಬಗ್ಗೆ ಜಗತ್ತಿಗೆ ಸಾಕಷ್ಟು ಗೊತ್ತಿದೆ. ಗುಬ್ಬಿಯಿಂದ ತುಮಕೂರಿಗಿರುವ ಇಪ್ಪತ್ತು ಕಿಲೋಮೀಟರಿನಲ್ಲಿ ರೋಗಿಗಳು ಎಲ್ಲಿ, ಯಾಕೆ ತಡವಾಗುತ್ತಾರೆ ಎಂಬುದನ್ನು ತುಮಕೂರಿನವರೇ ಬರೆಯಬೇಕು.